ಹ್ಯೂಬ್‌ನ ಎರಡು ಬ್ಯೂಗಲ್

ಹ್ಯೂಬ್ ರಾಮಾಕರ್ಸ್ ಇಪ್ಪತ್ತಾರು ವರ್ಷ ಹಿಂಗಾಲಾಗಿದ್ದ ಮನುಷ್ಯ.

ಇದು ಬೈಗುಳವಲ್ಲ, ಹುದ್ದೆ. ವೈಲ್‌ಬೇಕ್ ಊರಿನ ಕಾರ್ನಿವಲ್ ಮೆರವಣಿಗೆಯಲ್ಲಿ ಪ್ರತಿ ವರ್ಷವೂ ಒಂದು ದೊಡ್ಡ ಪ್ರಾಣಿ ಹೊರಡುತ್ತಿತ್ತು. ಒಂದು ವರ್ಷ ಹಸು, ಒಂದು ವರ್ಷ ಒಂಟೆ, ಒಂದು ವರ್ಷ ಏನೆಂದು ಕೊನೆಯವರೆಗೂ ಯಾರಿಗೂ ತಿಳಿಯದೆ ಹೋದ ಒಂದು ಜೀವಿ. ಅದರ ತಲೆಯೊಳಗೆ ಯೋಪ್ ಇರುತ್ತಿದ್ದ, ಬಾಲದ ಕಡೆ ಹ್ಯೂಬ್. ಯೋಪ್ ಕತ್ತು ಕುಣಿಸಿದರೆ ರಸ್ತೆಯ ಎರಡೂ ಬದಿಯ ಜನ ಚಪ್ಪಾಳೆ ತಟ್ಟುತ್ತಿದ್ದರು. ಹ್ಯೂಬ್ ಸೊಂಟ ಬಗ್ಗಿಸಿ, ಯೋಪ್‌ನ ಬೆಲ್ಟು ಹಿಡಿದು, ಎರಡು ಗಂಟೆ ಕಾಲ ಯೋಪ್‌ನ ಬೆನ್ನನ್ನೇ ನೋಡುತ್ತ ನಡೆಯುತ್ತಿದ್ದ. ಚಪ್ಪಾಳೆ ಅವನಿಗೂ ಕೇಳುತ್ತಿತ್ತು, ಆದರೆ ತೊಗಲಿನ ಆಚೆಯಿಂದ.

ಈ ಸಲ ಯೋಪ್ ಮೆರವಣಿಗೆ ಸಮಿತಿಯ ಅಧ್ಯಕ್ಷನಾಗಿಬಿಟ್ಟ. ಈ ವರ್ಷದ ಪ್ರಾಣಿ ಕತ್ತೆ; ಅಧ್ಯಕ್ಷನಾದವನು ಕತ್ತೆಯ ತಲೆಯೊಳಗೆ ಕೂರುವುದು ಶೋಭೆಯಲ್ಲವೆಂದು ಅವನಿಗೇ ಅನ್ನಿಸಿತು. ತಲೆಯ ಜಾಗ ಖಾಲಿಯಾಯಿತು. ಇಪ್ಪತ್ತಾರು ವರ್ಷದ ಸೇವೆಯ ಮೇಲೆ ಬಡ್ತಿ ತನಗೇ ಎಂದು ಹ್ಯೂಬ್ ಸಭೆಗೆ ಹೊಸ ಅಂಗಿ ಹಾಕಿಕೊಂಡು ಹೋದ.

"ತಲೆಗೆ ನಮ್ಮ ಅಳಿಯ ಇರ್ಲಿ," ಅಂದ ಯೋಪ್. "ಹ್ಯೂಬ್, ನೀನು ಹಿಂದೆ ಚೆನ್ನಾಗಿ ಒಗ್ಗಿಕೊಂಡಿದ್ದೀಯಪ್ಪ. ನಿನ್ನ ಹಾಗೆ ಹಿಂದೆ ಇರೋಕೆ ಬೇರೆ ಯಾರಿಗೂ ಬರಲ್ಲ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಹ್ಯೂಬ್ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದು ನಿಂತದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಬಾಗಿಲ ಕಡೆ ಹೊರಟಿದ್ದಾನೆಂದು ದಾರಿ ಬಿಟ್ಟರು.

"ಈ ವರ್ಷ ನಾನು ಒಬ್ಬನೇ ಬರ್ತೀನಿ," ಅಂದ ಹ್ಯೂಬ್, ಅಂದವನೇ ದಾರಿ ಬಿಟ್ಟಿದ್ದಾರಲ್ಲ ಎಂದು ಹೊರಟೂಹೋದ.

ಒಬ್ಬನೇ ಹೊರಡುವುದೇನೋ ಸರಿ, ಏನಾಗಿ ಹೊರಡುವುದು? ಇದಕ್ಕೆ ಹ್ಯೂಬ್ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಅವನು ಅದರಲ್ಲಿ ದೊಡ್ಡ ಪಾಲನ್ನು ಊರ ನಡುವಿನ ರೈಲ್ವೆ ಗೇಟಿನ ಮುಂದೆ ಕಳೆದಿದ್ದ. ಆ ಗೇಟು ಒಮ್ಮೆ ಬಿದ್ದರೆ ಹನ್ನೊಂದು ನಿಮಿಷ ಏಳುತ್ತಿರಲಿಲ್ಲ. ಕೆಲವೊಮ್ಮೆ ರೈಲು ಬರುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ. ಒಂದು ಮದುವೆಯಲ್ಲಿ ಮದುಮಗಳು ಈ ಕಡೆ, ಮದುಮಗ ಆ ಕಡೆ ನಿಂತು ಗೇಟಿನ ಮೇಲಿಂದಲೇ ಕೂಗಾಡಿ ಜಗಳ ಮಾಡಿಕೊಂಡು, ಗೇಟು ಎದ್ದಾಗ ಇಬ್ಬರೂ ಮನೆಗೆ ಹೋದದ್ದುಂಟು. ಊರಿನಲ್ಲಿ ಪಕ್ಷ ಎರಡು, ಪಂಗಡ ನಾಲ್ಕು ಇದ್ದರೂ ಗೇಟನ್ನು ಬೈಯುವುದರಲ್ಲಿ ಎಲ್ಲರೂ ಒಂದು. ಹ್ಯೂಬ್ ಆ ಗೇಟಾಗಿ ಹೊರಡುವುದೆಂದು ತೀರ್ಮಾನಿಸಿದ.

ಕುತ್ತಿಗೆಯಿಂದ ಮೊಣಕಾಲಿನವರೆಗೆ ಪ್ಲೈವುಡ್ಡಿನ ಪುಟ್ಟ ಗುಮಟಿ, ಗೇಟು ಕಾಯುವವನು ಕೂರುವ ಗೂಡಿನಂಥದು. ಮೇಲೆ ಅವನ ತಲೆ, ತಲೆಯ ಮೇಲೆ ಮಿಣುಕುವ ಕೆಂಪು ದೀಪ. ಎರಡೂ ಭುಜದಿಂದ ಆಚೆ ಚಾಚಿದ ಕೆಂಪು ಬಿಳಿ ಪಟ್ಟೆಯ ಎರಡು ಮರದ ತೋಳು. ಗುಮಟಿಯೊಳಗೆ ಕೈಯಿಟ್ಟುಕೊಂಡು ಹಗ್ಗ ಎಳೆದರೆ ತೋಳು ಏಳಬೇಕು, ಬಿಟ್ಟರೆ ಬೀಳಬೇಕು. ಜೊತೆಗೆ ಗಂಟೆ. ಮನಸ್ಸಿನಲ್ಲಿ ಎಲ್ಲವೂ ಸಲೀಸಾಗಿ ಏಳುತ್ತ ಬೀಳುತ್ತ ಇತ್ತು.

ಇದನ್ನೆಲ್ಲ ಹಿತ್ತಿಲಿನ ಶೆಡ್ಡಿನಲ್ಲಿ, ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸಿ, ಗುಟ್ಟಾಗಿ ಮಾಡಬೇಕು. ಹೊಸವರ್ಷ ಕಳೆದು ಕಾರ್ನಿವಲ್ ಬರುವವರೆಗೆ ವೈಲ್‌ಬೇಕಿನ ಅರ್ಧ ಶೆಡ್ಡುಗಳ ಕಿಟಕಿಗೆ ಪತ್ರಿಕೆ ಅಂಟಿರುತ್ತದೆ. ಮೆರವಣಿಗೆಗೆ ಮುಂಚೆ ಯಾರು ಏನಾಗುತ್ತಾರೆಂದು ಹೆಂಡತಿಗೂ ಹೇಳುವಂತಿಲ್ಲ, ಹೆಂಡತಿಯೂ ಕೇಳುವಂತಿಲ್ಲ. ಹೇಳಿದವನು ಮುಂದಿನ ಹತ್ತು ವರ್ಷ ಊರಿನ ಬಾಯಿಗೆ ಬೀಳುತ್ತಾನೆ.

ಗುಮಟಿ ಆಯಿತು, ತೋಳಾಯಿತು, ಬಣ್ಣವೂ ಆಯಿತು. ತೊಡಕು ಬಂದದ್ದು ಇವನ್ನು ಒಂದಕ್ಕೊಂದು ಸೇರಿಸುವಾಗ. ಮೊದಲ ಸಲ ಅಂಗಡಿಯಿಂದ ತಂದ ಎಲ್ ಆಕಾರದ ಪಟ್ಟಿ ಹಾಕಿ ಸ್ಕ್ರೂ ತಿರುಗಿಸಿದ. ಹಗ್ಗ ಎಳೆದ ಕೂಡಲೇ ಎಡಗಡೆಯ ತೋಳು ಸ್ಕ್ರೂಗಳ ಸಮೇತ ಕಿತ್ತು ಬಂದು ಹೆಂಡತಿ ಫೀನ್ ಹಾಕಿದ್ದ ಉಪ್ಪಿನಕಾಯಿಯ ಮೂರು ಜಾಡಿಗಳನ್ನು ಆಹುತಿ ತೆಗೆದುಕೊಂಡಿತು. ಎರಡನೇ ಸಲ ತೆಳು ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಹಾಕಿದ. ಅದು ಮುರಿಯಲಿಲ್ಲ, ಸುಮ್ಮನೆ ನಾಚಿಕೊಂಡಂತೆ ಬಾಗಿತು. ಒಂದೂವರೆ ಮೀಟರ್ ತೋಳಿನ ಭಾರವೆಲ್ಲ ಭುಜದ ಹತ್ತಿರ ಒಂದೇ ಕಡೆ ಬೀಳುತ್ತದೆ, ಅಲ್ಲಿ ದಪ್ಪ ಕಬ್ಬಿಣವೇ ಬೇಕು, ಭುಜದ ತಿರುವಿಗೆ ಸರಿಯಾಗಿ ಬಗ್ಗಿಸಿದ ಪಟ್ಟಿ ಬೇಕು, ಅದಕ್ಕೆ ಕಮ್ಮಾರ ವೀಲ್ ಬೇಕು ಎಂಬ ಜ್ಞಾನ ಹ್ಯೂಬ್‌ಗೆ ಜಾಡಿಯ ಚೂರು ಗುಡಿಸುವಾಗ ಉಂಟಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಭಾರ ಹೊರಲು ಬಗ್ಗಿಸಿದ ಇಂಥ ಕಬ್ಬಿಣದ ಪಟ್ಟಿಗೆ ಆ ಸೀಮೆಯವರು ಬ್ಯೂಗಲ್ ಅನ್ನುತ್ತಾರೆ. ವಕ್ರ ಹಲ್ಲನ್ನು ನೇರ ಮಾಡಲು ಡಾಕ್ಟರು ಹಾಕುವ ತಂತಿಗೂ ಬ್ಯೂಗಲ್ ಅಂತಲೇ ಅನ್ನುತ್ತಾರೆ. ಒಂದೇ ಹೆಸರನ್ನು ಎರಡಕ್ಕೂ ಹಂಚಿದ ಹಿರಿಯರು ಹ್ಯೂಬ್ ರಾಮಾಕರ್ಸ್ ಎಂಬವನೊಬ್ಬ ಮುಂದೆ ಹುಟ್ಟುತ್ತಾನೆಂದು ಯೋಚಿಸಿರಲಿಲ್ಲ.

ವೀಲ್ ಜೊತೆ ಆಡುವ ಮಾತು ಫೀನ್ ಕಿವಿಗೆ ಬೀಳಬಾರದೆಂದು ಹ್ಯೂಬ್ ಫೋನು ಹಿಡಿದು ತೋಟದ ಕೊನೆಗೆ ಹೋದ. ಮೂವತ್ತನಾಲ್ಕು ವರ್ಷ ಎಂಜಿನ್ನಿನ ಪಕ್ಕ ಕೂತವನ ಕಿವಿ ಸ್ವಲ್ಪ ಮಂದ, ಹಾಗಾಗಿ ಅವನ ಗುಟ್ಟೆಂದರೆ ನಾಲ್ಕು ಮನೆಗೆ ಕೇಳುವ ಗುಟ್ಟು. ಬೇಲಿಯ ಆಚೆ ಪಕ್ಕದ ಮನೆಯ ಟ್ರೂಸ್ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು.

"ಹಲೋ! ನಂಗೆ ಎರಡು ಬ್ಯೂಗಲ್ ಆಗ್ಬೇಕು! ಹೌದಪ್ಪಾ, ನಂಗೇ! ವಯಸ್ಸಾದ್ರೇನು, ಈ ವರ್ಷ ಹಾಕಿಸ್ಕೊಳ್ದೆ ಇನ್ಯಾವಾಗ? ಎಡಕ್ಕೊಂದು, ಬಲಕ್ಕೊಂದು. ತೆಗೆಯೋದು ಮುಚ್ಚೋದು ಸಲೀಸಾಗಿರ್ಬೇಕು, ಅಷ್ಟೇ! ಮತ್ತೆ ನೋಡು, ಫೀನ್‌ಗೆ ಗೊತ್ತಾಗ್ಬಾರ್ದು. ಅವಳು ನೋಡಿದ ದಿನ ಬೆರಗಾಗ್ಬೇಕು!"

ಟ್ರೂಸ್ ಬುಟ್ಟಿಯ ಕಾಳನ್ನೆಲ್ಲ ಒಂದೇ ಕೋಳಿಯ ಮೇಲೆ ಸುರಿದು ಬೇಕರಿಗೆ ಓಡಿದಳು. ಶನಿವಾರ ಆ ಹೊತ್ತಿಗೆ ಫೀನ್ ಅಲ್ಲಿರುತ್ತಾಳೆಂದು ಅವಳಿಗೆ ಗೊತ್ತಿತ್ತು.

ಈಗ ಹ್ಯೂಬ್‌ನ ಹಲ್ಲಿನ ವಿಷಯ. ಅವನ ಮುಂದಿನ ನಾಲ್ಕು ಹಲ್ಲುಗಳು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ನಾಲ್ಕು ದಿಕ್ಕಿಗೆ ಮುಖ ಮಾಡಿಕೊಂಡಿದ್ದವು. ನಗು ಬಂದರೆ ಹ್ಯೂಬ್‌ನ ಬಲಗೈ ತಾನಾಗಿ ಮೇಲೆ ಬಂದು ಬಾಯಿಗೆ ಅಡ್ಡ ನಿಲ್ಲುತ್ತಿತ್ತು. ಮದುವೆಯ ಫೋಟೋದಲ್ಲೂ ಹಾಗೆಯೇ, ಮದುಮಗನಿಗೆ ಕೆಮ್ಮು ಇತ್ತೇನೋ ಎಂದು ನೋಡಿದವರು ಕೇಳುತ್ತಾರೆ. ಅವನ ಹೆಂಡತಿ ಫೀನ್‌ಗೆ ಇನ್ನೊಂದು ಮುಜುಗರ. ಅವಳು ಊರಿನ ಹಲ್ಲಿನ ಡಾಕ್ಟರು ಫ್ರಾಂಕೆನ್ ಅವರ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷದಿಂದ ಫೋನು ಎತ್ತಿ ಎಲ್ಲರಿಗೂ ಸಮಯ ಕೊಡುವವಳು. ಊರೆಲ್ಲ ಬಂದು ಹೋಗುವ ಆ ಕುರ್ಚಿಯಲ್ಲಿ ಅವಳ ಗಂಡ ಒಂದು ದಿನವೂ ಕೂತಿರಲಿಲ್ಲ.

"ಸುಳ್ಳು," ಅಂದಳು ಫೀನ್, ಬೇಕರಿಯ ಸಾಲಿನಲ್ಲಿ.

"ನನ್ನ ಕಿವಿಯಾರ ಕೇಳಿದೆ ಕಣೇ. ಎರಡು ಬ್ಯೂಗಲ್. ಮೇಲಕ್ಕೂ ಕೆಳಕ್ಕೂ ಇರ್ಬೇಕು. ಫೀನ್ ಬೆರಗಾಗ್ಬೇಕು ಅಂದ."

ಫೀನ್ ಬ್ರೆಡ್ಡಿನ ಚೀಲ ಎದೆಗೊತ್ತಿಕೊಂಡಳು. ಕಣ್ಣು ತುಂಬಿತು. "ಮೂವತ್ತೊಂದು ವರ್ಷ ಆಯ್ತು ಟ್ರೂಸ್. ಹಲ್ಲು ನೇರ ಆದ್ರೆಷ್ಟು ಬಿಟ್ರೆಷ್ಟು, ಅದಲ್ಲ ನಂಗೆ. ನಮ್ಮವನು ಕೈ ಅಡ್ಡ ಇಟ್ಕೊಳ್ದೆ ನಗೋದನ್ನ ಒಂದ್ಸಲ ನೋಡ್ಬೇಕು, ಅಷ್ಟೇ. ನೋಡೇ ಇಲ್ಲ ಕಣೇ ನಾನು."

ಸಾಲಿನಲ್ಲಿದ್ದವರೆಲ್ಲ ಚೀಲ ಹಿಡಿದು ಒಂದು ಹೆಜ್ಜೆ ಹತ್ತಿರ ಬಂದರು.

"ನಂಗೆ ಗೊತ್ತಿದೆ ಅಂತ ಯಾರೂ ಅವನಿಗೆ ಹೇಳ್ಬೇಡಿ," ಅಂದಳು ಫೀನ್. "ಪಾಪ, ಗುಟ್ಟಾಗಿ ಮಾಡ್ತಿದ್ದಾನೆ. ಮಾಡ್ಲಿ."

ಯಾರೂ ಹೇಳಲಿಲ್ಲ. ಅಂದರೆ ಹ್ಯೂಬ್ ಒಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳಿದರು.

ಅಂದಿನಿಂದ ಊರು ಹ್ಯೂಬ್‌ನನ್ನು ಮೊಟ್ಟೆಯ ಹಾಗೆ ನೋಡಿಕೊಳ್ಳತೊಡಗಿತು. ಮನೆಯಲ್ಲಿ ಸೋಮವಾರ ಸೂಪು, ಮಂಗಳವಾರ ಹಿಸುಕಿದ ಆಲೂಗಡ್ಡೆ, ಬುಧವಾರ ಹಿಸುಕಿದ ಆಲೂಗಡ್ಡೆಯ ಸೂಪು. ಸೇಬು ಮಾಯವಾಯಿತು. ಬ್ರೆಡ್ಡಿನ ಗಟ್ಟಿ ಅಂಚನ್ನು ಯಾರೋ ಕತ್ತರಿಸಿರುತ್ತಿದ್ದರು.

"ಮಾಂಸ ಇಲ್ವಾ?" ಅಂದ ಹ್ಯೂಬ್.

"ಈಗಿಂದ್ಲೇ ಅಭ್ಯಾಸ ಮಾಡ್ಕೋ," ಅಂದಳು ಫೀನ್, ಅವನ ಕೆನ್ನೆ ಸವರಿ.

ಮಾಂಸದಂಗಡಿಯವನೂ ಕೇಳಿದ್ದನ್ನು ಬಿಟ್ಟು ಬೆಣ್ಣೆಯಂಥ ಈರುಳ್ಳಿ ಲಿವರಿನ ಮುದ್ದೆ ಕಟ್ಟಿಕೊಟ್ಟು, ಗಲ್ಲಾದ ಮೇಲೆ ಬಾಗಿ ಪಿಸುಗುಟ್ಟಿದ. "ಧೈರ್ಯ ಮೆಚ್ಚಿದೆ ಹ್ಯೂಬ್. ಈ ವಯಸ್ಸಲ್ಲಿ! ನೋವಾಗುತ್ತಾ?"

ಹ್ಯೂಬ್ ಸುತ್ತ ನೋಡಿದ. ವೀಲ್ ಎಲ್ಲೋ ಗುಟ್ಟು ಬಿಟ್ಟುಕೊಟ್ಟಿದ್ದಾನೆ! "ಭುಜಕ್ಕೆ ಸ್ವಲ್ಪ," ಅಂದ ತಗ್ಗಿದ ದನಿಯಲ್ಲಿ. "ಫೀನ್‌ಗೆ ಮಾತ್ರ ಹೇಳ್ಬೇಡ."

"ಭುಜಕ್ಕೂ ಬರುತ್ತಾ!" ಅಂದ ಮಾಂಸದಂಗಡಿಯವನು. ಆ ಸಂಜೆಯೇ ಅವನು ತನ್ನ ಮಗಳ ಹಲ್ಲಿನ ತಂತಿಯ ವಿಷಯವನ್ನು ಮುಂದಕ್ಕೆ ಹಾಕಿದನಂತೆ.

ಹೀಗೆಯೇ ಸುಖವಾಗಿ ಸಾಗಬಹುದಿತ್ತು. ಆದರೆ ಕಾರ್ನಿವಲ್ಲಿಗೆ ಮೂರು ದಿನ ಇರುವಾಗ, ಗುರುವಾರ, ಹ್ಯೂಬ್ ಬೇಲಿಯ ಪಕ್ಕ ಹಾದುಹೋಗುತ್ತಿದ್ದಾಗ ಟ್ರೂಸ್‌ಗೆ ತಡೆದುಕೊಳ್ಳಲಾಗಲಿಲ್ಲ.

"ಹ್ಯೂಬ್, ನಾನೇನೂ ಕೇಳ್ತಾ ಇಲ್ಲ. ಸುಮ್ನೆ ಕೇಳ್ತೀನಿ. ಯಾವಾಗ ಹಾಕಿಸ್ಕೊಳ್ತೀಯ?"

ಇವಳಿಗೂ ಗೊತ್ತಾಗಿಹೋಗಿದೆ ಎಂದು ಹ್ಯೂಬ್ ನಿಟ್ಟುಸಿರು ಬಿಟ್ಟ. "ಈಗ್ಲೇ ಹೊರಟಿದ್ದೀನಿ. ಅಳತೆಯೆಲ್ಲ ಆಗಿದೆ. ಇವತ್ತು ಕೂರ್ಸೋದೊಂದೇ ಬಾಕಿ."

"ಎಲ್ಲಿ?"

"ಎಲ್ಲಿ ಅಂದ್ರೆ? ವೀಲ್ ಹತ್ರ."

"ಯಾವ ವೀಲ್?"

"ಊರಲ್ಲಿ ಎಷ್ಟು ವೀಲ್ ಇದ್ದಾರೆ? ಕಮ್ಮಾರ ವೀಲ್."

ಟ್ರೂಸ್ ಬೇಲಿಯ ಗೂಟ ಹಿಡಿದುಕೊಂಡಳು. "ಕಮ್ಮಾರ... ಅವನು ಹಾಕ್ತಾನಾ ಬ್ಯೂಗಲ್ಲು?"

"ಅವನಿಗಿಂತ ಚೆನ್ನಾಗಿ ಯಾರು ಹಾಕ್ತಾರೆ? ಅವರಜ್ಜಿಯ ಮಂಚದ್ದು ಹಳೇ ಪಟ್ಟಿ ಇತ್ತು, ನಾಲ್ಕು ಮಿಲಿಮೀಟರ್ ದಪ್ಪ, ಬಾಳಾ ಗಟ್ಟಿ. ಕೆಂಪಗೆ ಕಾಯಿಸಿ ಬಗ್ಗಿಸ್ತಾನೆ. ಒಂದೊಂದಕ್ಕೆ ಮೂರು ಬೋಲ್ಟು. ಚುಚ್ಚಬಾರ್ದು ಅಂತ ಒಳಗಡೆ ಸೈಕಲ್ ಟ್ಯೂಬಿನ ರಬ್ಬರು."

"ಕೂರ್ದೇ ಇದ್ರೆ?" ಅಂದಳು ಟ್ರೂಸ್.

"ಕೂರ್ದೇ ಇದ್ರೆ ಸುತ್ತಿಗೆ ಇದೆಯಲ್ಲ," ಅಂದು ಹ್ಯೂಬ್ ಸೈಕಲ್ ಹತ್ತಿದ.

ವೀಲ್‌ನ ಕಮ್ಮಾರಸಾಲೆ ಊರ ತುದಿಯಲ್ಲಿ. ಹ್ಯೂಬ್ ಅಂಗಿ ಬಿಚ್ಚಿ ನಿಂತಿದ್ದ, ಯಾಕೆಂದರೆ ಪಟ್ಟಿ ಕೂರಬೇಕಾದ್ದು ಬರೀ ಭುಜದ ತಿರುವಿಗೆ. ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿತ್ತು. ಎಡಗಡೆಯ ಬ್ಯೂಗಲ್ ಆಗಲೇ ತಣ್ಣಗಾಗಿ ಗುಮಟಿಗೆ ಕೂತು, ತೋಳು ಹಗ್ಗ ಎಳೆದಂತೆ ಏಳುತ್ತ ಬೀಳುತ್ತ ಇತ್ತು. ಬಲಗಡೆಯದು ಒಲೆಯಲ್ಲಿ. ವೀಲ್ ಅದನ್ನು ಇಕ್ಕಳದಲ್ಲಿ ಎತ್ತಿ, ಕೆಂಪಗೆ ಹೊಳೆಯುತ್ತಿದ್ದ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ.

"ಅಲುಗಾಡ್ಬೇಡ ಮಾರಾಯ, ಇಲ್ಲೇ ನಿಂತಿರು. ಕಣ್ಣಳತೆಗೆ ಬೇಕು."

ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು. ಮುಂದೆ ಬಿಳಿ ಕೋಟಿನ ಡಾಕ್ಟರು ಫ್ರಾಂಕೆನ್, ಹಿಂದೆ ಫೀನ್, ಅವಳ ಹಿಂದೆ ಏದುಸಿರು ಬಿಡುತ್ತ ಟ್ರೂಸ್. ಬಾಯಿಯಲ್ಲಿ ಹತ್ತಿ ಇಟ್ಟುಕೊಂಡ ರೋಗಿಯೊಬ್ಬನನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದರಂತೆ.

ವೀಲ್ ಮೊದಲು ಮಾಡಿದ್ದು ಊರಿನ ಮರ್ಯಾದೆ ಕಾಯುವ ಕೆಲಸ: ಇಕ್ಕಳ ಹಿಡಿದ ಕೈಯಲ್ಲೇ ತಾಡಪಾಲು ಎಳೆದು ಗುಮಟಿಯ ಮೇಲೆ ಹಾಕಿದ.

"ನಿಲ್ಲಿಸಿ!" ಎಂದು ಕೂಗಿದರು ಡಾಕ್ಟರು. "ಅದನ್ನ ಅವರ ಬಾಯಿಂದ ದೂರ ಇಡಿ!"

ವೀಲ್ ಇಕ್ಕಳ ನೋಡಿದ, ಹ್ಯೂಬ್‌ನ ಬಾಯಿ ನೋಡಿದ. ನಡುವೆ ಮೂರು ಮೀಟರ್ ಇತ್ತು. ಹೇಳಿದ್ದು ಡಾಕ್ಟರು, ಹಾಗಾಗಿ ಇನ್ನೆರಡು ಮೀಟರ್ ಹಿಂದೆ ಸರಿದ.

ಡಾಕ್ಟರು ನೇರ ಹ್ಯೂಬ್ ಮುಂದೆ ಬಂದು ನಿಂತರು. "ರಾಮಾಕರ್ಸ್ ಅವರೇ, ಬಾಯಿ ಬಿಡಿ."

ಹ್ಯೂಬ್ ಒಂದು ಹೆಜ್ಜೆ ಹಿಂದಿಟ್ಟ. ಗುಟ್ಟು ಹೊರಡಿಸಲು ಡಾಕ್ಟರನ್ನೇ ಕರೆತಂದಿದ್ದಾರೆ! ಆದರೆ ಅವನೂ ವೈಲ್‌ಬೇಕಿನವನು. "ಬಿಡಲ್ಲ."

"ಹೆದರ್ಬೇಡಿ, ಸುಮ್ನೆ ಬಿಡಿ."

"ಸತ್ರೂ ಬಾಯಿ ಬಿಡಲ್ಲ! ಭಾನುವಾರದವರೆಗೆ ಯಾರೇ ಕೇಳ್ಲಿ, ಬಾಯಿ ಬಿಡೋ ಮಗ ನಾನಲ್ಲ!"

"ಭಾನುವಾರ ಬಿಡ್ತೀರಾ?"

"ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ. ಊರೆಲ್ಲ ನೋಡೋ ಹಾಗೆ."

ಡಾಕ್ಟರು ಫೀನ್ ಕಡೆ ತಿರುಗಿ, ಇಂಥದ್ದನ್ನು ತಾನು ಕಾಲೇಜಿನಲ್ಲಿ ಓದಿಲ್ಲವೆಂಬಂತೆ ನೋಡಿದರು. ಫೀನ್ ಮುಂದೆ ಬಂದಳು. ಬಂದು ಗಂಡನ ಭುಜದ ಸುಣ್ಣದ ಗೆರೆಯನ್ನು ಬೆರಳಿನಿಂದ ಮುಟ್ಟಿದಳು.

"ನಂಗೆಲ್ಲ ಗೊತ್ತು ಹ್ಯೂಬ್. ನಂಗೋಸ್ಕರ ಹಲ್ಲಿಗೆ ಬ್ಯೂಗಲ್ ಹಾಕಿಸ್ಕೊಳ್ತಿದ್ದೀಯ. ಕೇಳಿದ ದಿನದಿಂದ ನಂಗೆ ನಿದ್ದೆ ಬಂದಿಲ್ಲ, ಅಷ್ಟು ಖುಷಿ. ಆದ್ರೆ ಮಂಚದ ಪಟ್ಟಿ ಯಾಕೋ? ನಮ್ಮ ಡಾಕ್ಟ್ರು ಅಂದ್ರೆ ಅಷ್ಟು ಭಯಾನಾ?"

ಆಗ ಹ್ಯೂಬ್‌ಗೆ ಸೂಪು ಅರ್ಥವಾಯಿತು. ಹಿಸುಕಿದ ಆಲೂಗಡ್ಡೆ ಅರ್ಥವಾಯಿತು. ಲಿವರಿನ ಮುದ್ದೆಯೂ ಅರ್ಥವಾಯಿತು. 'ಅಲ್ಲ ಕಣೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ತಾಡಪಾಲು ತೆಗೆದು ತೋರಿಸಬೇಕು. ತೋರಿಸಿದರೆ ಬಾಗಿಲಲ್ಲಿ ಟ್ರೂಸ್ ಇದ್ದಾಳೆ, ಸಂಜೆಯೊಳಗೆ ಊರಿಗೆಲ್ಲ ಗೇಟಿನ ಸುದ್ದಿ. ಅದಾದರೂ ಹಾಳಾಗಲಿ ಎನ್ನಬಹುದಿತ್ತು, ಆದರೆ ಫೀನ್‌ಳ ಮುಖ ನೋಡಿದ. ಆ ಮುಖಕ್ಕೆ ಎದುರಾಗಿ 'ಅಲ್ಲ' ಎನ್ನಲು ಕಲ್ಲೆದೆ ಬೇಕು.

"ಹೂಂ," ಅಂದ ಹ್ಯೂಬ್.

"ನೋಡಿದ್ಯಾ!" ಅಂದಳು ಫೀನ್ ಟ್ರೂಸ್‌ಗೆ. ವೀಲ್ ಕೈಯಲ್ಲಿ ಪಟ್ಟಿ ಕಪ್ಪಗೆ ತಣ್ಣಗಾಗುತ್ತಿತ್ತು. ತಾನು ಮುದುಕರ ಹಲ್ಲಿಗೆ ಮಂಚ ಬಡಿಯುವವನೆಂದು ಮೂರು ಜನ ನಂಬಿದ್ದರ ಬಗ್ಗೆ ಅವನು ಏನಾದರೂ ಹೇಳಬೇಕಿತ್ತು. ಹ್ಯೂಬ್ ಕಣ್ಣಿನಲ್ಲೇ ಬೇಡಿಕೊಂಡ. ವೀಲ್ ಗೆಳೆತನಕ್ಕಾಗಿ ಅದನ್ನೂ ನುಂಗಿಕೊಂಡ.

ಮರುದಿನ ಬೆಳಿಗ್ಗೆ ಹ್ಯೂಬ್ ಹತ್ತೊಂಬತ್ತು ವರ್ಷ ತಪ್ಪಿಸಿಕೊಂಡಿದ್ದ ಕುರ್ಚಿಯಲ್ಲಿ ಮಲಗಿದ್ದ. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಮೇಲೆ ಕೆಳಗೆ ನೋಡಿದರು.

"ವಕ್ರ ಇವೆ, ಅಷ್ಟೇ. ಕಲ್ಲಿನ ಹಾಗೆ ಗಟ್ಟಿ. ಏನೂ ತೊಂದ್ರೆ ಇಲ್ಲ. ನೇರ ಮಾಡ್ಬೇಕು ಅಂದ್ರೆ ಒಂದೂವರೆ ವರ್ಷ ಬ್ಯೂಗಲ್ ಇರ್ಬೇಕು. ನಿಮಗೆ ನಿಜವಾಗ್ಲೂ ಬೇಕಾ?"

ಬಾಗಿಲಿನ ಆಚೆ ಫೀನ್ ಯಾರಿಗೋ ಫೋನಿನಲ್ಲಿ ಸಮಯ ಕೊಡುತ್ತಿದ್ದಳು. ದನಿಯಲ್ಲಿ ಹಾಡಿನ ಎಳೆಯಿತ್ತು. ಹ್ಯೂಬ್ ಬಾಯಿ ತುಂಬ ಬೆರಳಿದ್ದರೂ "ಹೂಂ" ಅಂದ. ಎರಡು ದಿನದಲ್ಲಿ ಇದು ಎರಡನೇ ಹೂಂ. ಕಾರ್ನಿವಲ್ ಮುಗಿದ ಬುಧವಾರಕ್ಕೆ ಫೀನ್ ತನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ, ಪುಸ್ತಕದಲ್ಲಿ ಗಂಡನ ಹೆಸರು ಬರೆದಳು. ಬರೆದು ಅಡಿಗೆರೆ ಎಳೆದಳು.

ಶನಿವಾರ ಹ್ಯೂಬ್ ಜೋಲುಮುಖ ಹೊತ್ತು ಕಮ್ಮಾರಸಾಲೆಗೆ ಬಂದ. "ನಾನು ಹೋಗಲ್ಲ ವೀಲ್. ನಾಳೆ ಗೇಟು ನೋಡಿದ್ರೆ ಬ್ಯೂಗಲ್ ಯಾವ್ದು ಅಂತ ಅವಳಿಗೆ ಗೊತ್ತಾಗುತ್ತೆ. ಊರೆಲ್ಲರ ಮುಂದೆ ಅವಳ ಮುಖ ಬಾಡಿಹೋಗುತ್ತೆ. ನನ್ನ ಕೈಲಿ ನೋಡಕ್ಕಾಗಲ್ಲ."

"ಹಾಗಾದ್ರೆ ಹಿಂಗಾಲಿಗೇ ಹೋಗು," ಅಂದ ವೀಲ್. "ಯೋಪ್ ಅಳಿಯನ ಬೆನ್ನು ಅಗಲ ಇದೆ, ನಿಂಗೆ ನೋಡೋಕೆ ಜಾಸ್ತಿ ಸಿಗುತ್ತೆ. ಹೇಗಿದ್ರೂ ಬುಧವಾರ ಹಲ್ಲಿಗೆ ತಂತಿ ಬೀಳುತ್ತೆ. ಎರಡೂ ಕಡೆ ಕಟ್ಟಿಸ್ಕೊಂಡು ಇದ್ಬಿಡು."

ಹ್ಯೂಬ್ ಬಹಳ ಹೊತ್ತು ಗುಮಟಿಯನ್ನು ನೋಡಿದ. ಆಮೇಲೆ ಬಗ್ಗಿ ಅದರೊಳಗೆ ತಲೆ ತೂರಿಸಿ ಎದ್ದ. ಎರಡೂ ಬ್ಯೂಗಲ್ ಭುಜದ ಮೇಲೆ ಬಂದು ಕೂತವು. ಒಂದು ಚೂರು ಚುಚ್ಚಲಿಲ್ಲ, ಒಂದು ಚೂರು ಅಲುಗಲಿಲ್ಲ. ಜೀವಮಾನದಲ್ಲಿ ಅವನಿಗೆ ಇಷ್ಟು ಸರಿಯಾಗಿ ಕೂತ ವಸ್ತು ಬೇರೊಂದಿರಲಿಲ್ಲ.

"ಹೋಗ್ತೀನಿ," ಅಂದ.

ಭಾನುವಾರ ಎರಡು ಗಂಟೆಗೆ ಮೆರವಣಿಗೆ ಹೊರಟಿತು. ಫೀನ್ ಮತ್ತು ಟ್ರೂಸ್ ಚರ್ಚಿನ ಎದುರು, ಹಗ್ಗದ ಹಿಂದೆ ಮುಂದಿನ ಸಾಲಿನಲ್ಲಿ ನಿಂತಿದ್ದರು. ಕತ್ತೆ ಬಂತು. ಫೀನ್ ಅಭ್ಯಾಸಬಲದಿಂದ ಅದರ ಹಿಂಗಾಲಿಗೆ ಕೈಬೀಸಿದಳು. ಹಿಂಗಾಲಿಗೆ ಹೊಸ ಬೂಟಿತ್ತು.

"ಅದು ನಮ್ಮವನಲ್ಲ," ಅಂದಳು.

ಆಗ ಗಂಟೆ ಕೇಳಿಸಿತು. ಆ ಗಂಟೆ ಕೇಳಿದೊಡನೆ ವೈಲ್‌ಬೇಕಿನ ಜನ ಅರಿವಿಲ್ಲದೆಯೇ ಒಂದು ಹೆಜ್ಜೆ ಹಿಂದಿಟ್ಟು ಗಡಿಯಾರ ನೋಡಿಕೊಂಡರು. ರಸ್ತೆಯ ನಡುವೆ, ತಲೆಯ ಮೇಲೆ ಕೆಂಪು ದೀಪ ಮಿಣುಕಿಸುತ್ತ, ರೈಲ್ವೆ ಗೇಟು ತನ್ನ ಕಾಲಿನ ಮೇಲೆ ತಾನೇ ನಡೆದು ಬರುತ್ತಿತ್ತು. ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಬಂದ ಕೂಗಿಗೆ ಚರ್ಚಿನ ಪಾರಿವಾಳಗಳೆಲ್ಲ ಹಾರಿದವು.

ಹ್ಯೂಬ್ ಚರ್ಚಿನ ಎದುರು ನಿಂತ, ಎರಡೂ ತೋಳು ಇಳಿಸಿದ, ಮತ್ತೆ ಹಗ್ಗ ಎಳೆದ. ಎಡದ ತೋಳು ಎದ್ದಿತು. ಬಲದ್ದು ಏಳಲಿಲ್ಲ. ಆ ಬೆಳಿಗ್ಗೆ ವೀಲ್ ಪ್ರೀತಿಗೆ, ಸಡಿಲವಾಗದಿರಲಿ ಎಂದು, ಬಲಗಡೆಯ ನಟ್ಟಿಗೆ ಇನ್ನೊಂದು ಸುತ್ತು ಬಿಗಿ ಕೊಟ್ಟಿದ್ದ. ಹ್ಯೂಬ್ ಎಳೆದ. ಜಗ್ಗಿದ. ತೋಳು ರಸ್ತೆಗೆ ಅಡ್ಡವಾಗಿ ಕಲ್ಲಿನ ಹಾಗೆ ನಿಂತಿತ್ತು. ಹಿಂದೆ ನಲವತ್ತು ಜನರ ವಾದ್ಯಮೇಳ ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆದು ನಿಂತಿತು. ಅದರ ಹಿಂದೆ ಟ್ರಾಕ್ಟರು, ಅದರ ಹಿಂದೆ ಊರಿನ ಅರ್ಧ ಭಾಗ.

"ರೈಲೆಲ್ಲಿ?" ಎಂದು ಯಾರೋ ಕೂಗಿದರು.

"ಎಂಜಿನ್ ಆಫ್ ಮಾಡ್ರಪ್ಪಾ, ಹನ್ನೊಂದು ನಿಮಿಷ!" ಎಂದು ಇನ್ನೊಬ್ಬ. ಟ್ರಾಕ್ಟರಿನವನು ನಿಜವಾಗಿಯೂ ಎಂಜಿನ್ ನಿಲ್ಲಿಸಿ ಫ್ಲಾಸ್ಕು ತೆಗೆದ. ಡೋಲಿನವನು ಡೋಲಿನ ಮೇಲೆ ಕೂತ.

ಅಧ್ಯಕ್ಷ ಯೋಪ್ ಸೀಟಿ ಊದುತ್ತ ಓಡಿಬಂದ. "ಹ್ಯೂಬ್! ನೀನಾ? ಎತ್ತು ಮಾರಾಯ, ಮುಂದೆ ಹೋಗು! ಮೆರವಣಿಗೆಯೆಲ್ಲ ನಿಂತಿದೆ!"

ಹ್ಯೂಬ್ ಬೆವರಿಹೋಗಿದ್ದ. ಇಪ್ಪತ್ತಾರು ವರ್ಷ ಮೆರವಣಿಗೆಯಲ್ಲಿ ಒಂದು ಮಾತನ್ನೂ ಆಡಿರದ ಅವನ ಬಾಯಿಂದ ಆ ಕ್ಷಣಕ್ಕೆ ಬಂದದ್ದು ಬಸ್ಸಿನಲ್ಲಿ ಜನರಿಗೆ ಹೇಳಿ ಹೇಳಿ ಸವೆದ ಮಾತು. "ನನ್ನ ಕೈಲೇನಿದೆ ಸ್ವಾಮೀ, ಗೇಟು ಬಿದ್ದಿದೆ. ರೈಲು ಬರ್ಲಿ!"

ರಸ್ತೆಯ ಎರಡೂ ಬದಿ ಹೊಟ್ಟೆ ಹಿಡಿದುಕೊಂಡು ಬಿದ್ದಿತು. ಟ್ರೂಸ್ ಹಗ್ಗಕ್ಕೆ ಜೋತುಬಿದ್ದು ನಕ್ಕಳು. ಈ ಸಲ ನಡುವೆ ತೊಗಲಿರಲಿಲ್ಲ, ಆ ನಗು ನೇರ ಹ್ಯೂಬ್‌ನ ಮುಖಕ್ಕೇ ಬಂದು ತಾಗಿತು. ಅವನಿಗೂ ನಗು ಬಂತು. ಬಂದೊಡನೆ ಬಲಗೈ ಮೇಲೆದ್ದಿತು, ಎದ್ದದ್ದು ಗುಮಟಿಯ ಒಳಗೆ ಪ್ಲೈವುಡ್ಡಿಗೆ ಧಡ್ ಎಂದು ಬಡಿಯಿತು. ಎಡಗೈ ಎತ್ತಲು ಹೋದ, ಹಗ್ಗ ಸಡಿಲಾಗಿ ಎಡದ ತೋಳು ಬಂದು ಯೋಪ್‌ನ ಟೊಪ್ಪಿಗೆಯನ್ನು ಕೆಳಗೆ ಬೀಳಿಸಿತು. ಜನ ಇನ್ನೂ ನಕ್ಕರು. ಹ್ಯೂಬ್ ಒಳಗಿಂದ ಇನ್ನೊಮ್ಮೆ ಧಡ್ ಎನ್ನಿಸಿದ. ಮರ ಗಟ್ಟಿ, ಬ್ಯೂಗಲ್ ಅದಕ್ಕಿಂತ ಗಟ್ಟಿ, ಕೈ ಹೊರಬರುವ ದಾರಿಯಿರಲಿಲ್ಲ. ಕೊನೆಗೆ ಅವನು ಸೋತು, ಬಾಯಿ ಪೂರ್ತಿ ತೆರೆದು, ನಾಲ್ಕು ದಿಕ್ಕಿನ ನಾಲ್ಕು ಹಲ್ಲನ್ನೂ ಬಿಸಿಲಿಗೆ ಬಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಆಗ ಎದುರಿಗೆ ಫೀನ್ ಕಂಡಳು. ನಗದೆ ನಿಂತಿದ್ದವಳು ಅವಳೊಬ್ಬಳೇ.

ಹಗ್ಗದ ಕೆಳಗೆ ನುಸುಳಿ ಅವಳು ರಸ್ತೆಯ ನಡುವೆ ಬಂದಳು. ಅವನ ಭುಜದ ಮೇಲಿನ ಕಬ್ಬಿಣ ನೋಡಿದಳು, ಬೋಲ್ಟು ನೋಡಿದಳು, ಅಂಚಿನಲ್ಲಿ ಇಣುಕುತ್ತಿದ್ದ ಸೈಕಲ್ ಟ್ಯೂಬು ನೋಡಿದಳು.

"ಇದಾ ಬ್ಯೂಗಲ್ಲು?"

"ಇದೇ," ಅಂದ ಹ್ಯೂಬ್. ನಗು ಅರ್ಧಕ್ಕೆ ನಿಂತಿತ್ತು. "ಹಲ್ಲಿಗಲ್ಲ ಫೀನ್. ಹೇಳೋಕೆ ಬಾಯಿ ಬರ್ಲಿಲ್ಲ. ಬುಧವಾರ ಬರ್ತೀನಿ, ಹಾಕಿಸ್ಕೊಳ್ತೀನಿ, ಆಣೆ."

"ಬುಧವಾರದ ಹೊತ್ತನ್ನ ಬೇರೆಯವರಿಗೆ ಕೊಡ್ತೀನಿ," ಅಂದಳು ಫೀನ್. "ಮೂವತ್ತೊಂದು ವರ್ಷ ಇಷ್ಟು ಚೆಂದದ್ದನ್ನ ಮುಚ್ಚಿಟ್ಟಿದ್ದೆಯಲ್ಲೋ, ಕಳ್ಳ."

ಹ್ಯೂಬ್‌ನ ಕೈ ಮತ್ತೆ ಒಳಗಿನಿಂದ ಧಡ್ ಎಂದಿತು. ಅದಕ್ಕೆ ಫೀನ್ ನಕ್ಕಳು, ಫೀನ್ ನಕ್ಕಿದ್ದಕ್ಕೆ ಅವನೂ ನಕ್ಕ, ಮೊದಲಿಗಿಂತ ದೊಡ್ಡದಾಗಿ.

ಅಷ್ಟರಲ್ಲಿ ವೀಲ್ ಜನರನ್ನು ತಳ್ಳಿಕೊಂಡು ಸ್ಪ್ಯಾನರ್ ಹಿಡಿದು ಬಂದಿದ್ದ. "ಒಂದು ಸುತ್ತು ಸಡಿಲ ಮಾಡಿದ್ರೆ ಆಯ್ತು, ಅರ್ಧ ನಿಮಿಷದ ಕೆಲ್ಸ."

"ಮಾಡು, ಮಾಡು!" ಅಂದ ಯೋಪ್, ಟೊಪ್ಪಿಗೆಯ ಧೂಳು ಕೊಡವುತ್ತ.

ಫೀನ್ ಗಂಡನ ಮುಖದಿಂದ ಕಣ್ಣು ತೆಗೆಯದೆಯೇ ಕೈ ಹಿಂದಕ್ಕೆ ಚಾಚಿ ಇಬ್ಬರನ್ನೂ ತಡೆದಳು.

"ಇರ್ರೀ ಸ್ವಲ್ಪ," ಅಂದಳು. "ರೈಲು ಇನ್ನೂ ಬಂದಿಲ್ಲ."